ವಾಲ್ವಿನ ದನಿ, ಟ್ರಾನ್ಸಿಸ್ಟರಿನ ಬಾಯಲ್ಲಿ

ಮಾತುಕತೆಯ ಕಾರ್ಯಕ್ರಮದ ಕೊನೆಯ ಎರಡು ನಿಮಿಷಗಳಲ್ಲಿ ಬರುವ ಪ್ರಶ್ನೆಗಳು ಸಾಮಾನ್ಯವಾಗಿ ಒಳ್ಳೆಯವೇ ಆಗಿರುತ್ತವೆ. ಉತ್ತರಿಸಲು ಮಾತ್ರ ವೇಳೆ ಇರುವುದಿಲ್ಲ. ಶಬ್ದವನ್ನು ಕುರಿತ ಕಂತಿನಲ್ಲೂ ಹಾಗೆಯೇ ಆಯಿತು. ಹಿಂದಿನ ಸಾಲಿನಲ್ಲಿದ್ದ ಡಿಪ್ಲೊಮಾ ವಿದ್ಯಾರ್ಥಿಯೊಬ್ಬ ಎದ್ದು ನಿಂತು, "ಸಾರ್, ಗಿಟಾರ್ ನುಡಿಸೋರು ಇವತ್ತಿಗೂ ವಾಲ್ವ್ ಆಂಪ್ಲಿಫೈಯರೇ ಬೇಕು ಅಂತಾರೆ. ಆ ದನಿ ಅಷ್ಟು ಚೆನ್ನಾಗಿದ್ರೆ ಅದನ್ನೇ ಟ್ರಾನ್ಸಿಸ್ಟರಿನಿಂದ ಹೊರಡಿಸೋಕೆ ಆಗಲ್ವಾ?" ಎಂದು ಕೇಳಿದ. ನಮ್ಮ ಅತಿಥಿಗಳು "ಆಗುತ್ತಪ್ಪಾ, ಆದರೆ..." ಎನ್ನುವಷ್ಟರಲ್ಲಿ ನಾನೇ ಕೈಯೆತ್ತಿ ಕಾರ್ಯಕ್ರಮ ಮುಗಿಸಬೇಕಾಯಿತು. ಆ 'ಆದರೆ'ಯ ಮುಂದಿನ ಭಾಗವನ್ನು ಇಲ್ಲಿ ಓದಿ.

ವಾಲ್ವ್ ಎಂದರೆ ಗಾಳಿ ತೆಗೆದ ಗಾಜಿನ ಬುರುಡೆ. ಅದರೊಳಗೆ ಕೆಂಪಗೆ ಕಾದ ಕ್ಯಾಥೋಡ್ ಇರುತ್ತದೆ. ಕಾವಿಗೆ ಅದರಿಂದ ಎಲೆಕ್ಟ್ರಾನುಗಳು ಹೊರಬೀಳುತ್ತವೆ. ಎದುರಿಗೆ ನೂರಾರು ವೋಲ್ಟ್ ಹೊತ್ತ ಪ್ಲೇಟ್ ಅವನ್ನು ಸೆಳೆಯುತ್ತದೆ. ನಡುವೆ ತಂತಿಯ ಜಾಲರಿ, ಅದೇ ಗ್ರಿಡ್. ಕೆರೆಯ ತೂಬನ್ನು ಸ್ವಲ್ಪ ಎತ್ತಿದರೆ, ಸ್ವಲ್ಪ ಇಳಿಸಿದರೆ ಕಾಲುವೆಯ ನೀರು ಹೆಚ್ಚು ಕಡಿಮೆ ಆಗುವುದಿಲ್ಲವೆ? ಗ್ರಿಡ್ಡಿಗೆ ಕೊಟ್ಟ ಪುಟ್ಟ ವೋಲ್ಟೇಜು ಎಲೆಕ್ಟ್ರಾನುಗಳ ಹರಿವನ್ನು ಹಾಗೆಯೇ ಆಳುತ್ತದೆ. ಅಮೆರಿಕದ ಲೀ ಡಿ ಫಾರೆಸ್ಟ್ 1906ರಲ್ಲಿ ಈ ಮೂರು ಭಾಗಗಳ ವಾಲ್ವನ್ನು, ಅಂದರೆ ಟ್ರಯೋಡನ್ನು, ಕಟ್ಟಿದರು. 1947ರ ಡಿಸೆಂಬರಿನಲ್ಲಿ ಬೆಲ್ ಪ್ರಯೋಗಶಾಲೆಯಲ್ಲಿ ಟ್ರಾನ್ಸಿಸ್ಟರ್ ಹುಟ್ಟಿದ ಮೇಲೆ ವಾಲ್ವಿನ ದಿನಗಳು ಎಣಿಕೆಗೆ ಬಂದವು. ಈ ಬದಲಾವಣೆ ಎಷ್ಟು ಬೇಗ ಆಯಿತೆಂದರೆ, ಬೆಂಗಳೂರಿನ ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆ 1961ರಲ್ಲಿ ರೇಡಿಯೋ ವಾಲ್ವುಗಳ ತಯಾರಿಕೆ ಶುರುಮಾಡಿತು, ಮರುವರ್ಷವೇ ಜರ್ಮೇನಿಯಮ್ ಅರೆವಾಹಕಗಳಿಗೂ ಕೈಹಾಕಿತು.

ಗಾತ್ರ, ಕಾವು, ವಿದ್ಯುತ್ ಖರ್ಚು, ಯಾವುದರಲ್ಲೂ ವಾಲ್ವ್ ಟ್ರಾನ್ಸಿಸ್ಟರಿಗೆ ಸಾಟಿಯಲ್ಲ. ಗಿಟಾರ್ ಆಂಪ್ಲಿಫೈಯರುಗಳಲ್ಲಿ ತೀರ ಸಾಮಾನ್ಯವಾದ 12ಎಎಕ್ಸ್7 ಎಂಬ ಹೆಬ್ಬೆರಳಿನಷ್ಟು ವಾಲ್ವ್ ಸುಮ್ಮನೆ ಕಾದು ಕೂರುವುದಕ್ಕೇ ಹತ್ತಿರ ಹತ್ತಿರ 2 ವ್ಯಾಟ್ ತಿನ್ನುತ್ತದೆ. ಹೀಗಿದ್ದೂ ಅದರ ದನಿಯನ್ನು ಜನ ಬಿಡಲೊಲ್ಲರು. 1966ರಲ್ಲಿ ಅಮೆರಿಕದ ಫೆಂಡರ್ ಕಂಪೆನಿ ಟ್ರಾನ್ಸಿಸ್ಟರ್ ಗಿಟಾರ್ ಆಂಪ್ಲಿಫೈಯರುಗಳನ್ನು ಮಾರುಕಟ್ಟೆಗೆ ತಂದಾಗ ವಾದಕರು ಒಪ್ಪಲಿಲ್ಲ. ಕೆಲವೇ ವರ್ಷಗಳಲ್ಲಿ ಆ ಮಾಲಿಕೆ ನಿಂತುಹೋಯಿತು. ಇದು ಬರೀ ಹಳೆಯದರ ಮೇಲಿನ ಮಮತೆಯೋ, ಕಿವಿಗೆ ನಿಜವಾಗಿ ಏನಾದರೂ ಕೇಳುತ್ತದೆಯೋ? ಕೇಳುವುದಾದರೆ ಅದನ್ನು ಅಳೆಯಲು ಸಾಧ್ಯವಾಗಬೇಕು. ಅಳೆಯಲು ಬಂದರೆ ನಕಲು ಮಾಡಲೂ ಬರಬೇಕು.

ಒಂದು ಗ್ರಾಫ್ ಹಾಳೆ ತೆಗೆದುಕೊಳ್ಳಿ. ಅಡ್ಡಕ್ಕೆ ಆಂಪ್ಲಿಫೈಯರಿನ ಒಳಗೆ ಹೋಗುವ ವೋಲ್ಟೇಜು, ಉದ್ದಕ್ಕೆ ಹೊರಬರುವುದು. ಆದರ್ಶ ಆಂಪ್ಲಿಫೈಯರಿನದು ನೇರ ಗೆರೆ: ಒಳಗಿನದು ಇಮ್ಮಡಿಯಾದರೆ ಹೊರಗಿನದೂ ಇಮ್ಮಡಿ. ನಿಜವಾದ ಯಾವ ಸಾಧನವೂ ಹೀಗಿಲ್ಲ. ಗೆರೆ ಎಲ್ಲೋ ಬಾಗುತ್ತದೆ. ಬಾಗಿದ ಗೆರೆಯ ಮೂಲಕ ಶುದ್ಧವಾದ ಒಂದು ಸ್ವರವನ್ನು ಕಳಿಸಿದರೆ, ಅದರೊಂದಿಗೆ ಹಿಂದೆ ಇರದಿದ್ದ ಸ್ವರಗಳೂ ಹೊರಬರುತ್ತವೆ: ಮೂಲ ಕಂಪನಾಂಕದ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು. ಇವೇ ಹಾರ್ಮೋನಿಕ್ಕುಗಳು. ಇವನ್ನು ಸೇರಿಸುವ ದೋಷಕ್ಕೆ ವಿಕೃತಿ ಎಂದು ಹೆಸರು.

ಸಂಗೀತ ಕಲಿಯುವವರಿಗೆ ಈ ಹಾರ್ಮೋನಿಕ್ಕುಗಳ ಪರಿಚಯ ಇದ್ದೇ ಇದೆ. ಷಡ್ಜ 240 ಹರ್ಟ್ಸ್ ಎಂದಿಟ್ಟುಕೊಳ್ಳಿ. ಎರಡನೆಯ ಹಾರ್ಮೋನಿಕ್ 480, ಅದು ತಾರಷಡ್ಜ. ಮೂರನೆಯದು 720, ತಾರಸ್ಥಾಯಿಯ ಪಂಚಮ. ನಾಲ್ಕನೆಯದು ಮತ್ತೆ ಷಡ್ಜವೇ. ಐದನೆಯದು ಅಂತರ ಗಾಂಧಾರ. ಚೆನ್ನಾಗಿ ಶ್ರುತಿಮಾಡಿದ ತಂಬೂರಿಯಲ್ಲಿ ಯಾರೂ ಮೀಟದ ಗಾಂಧಾರ ತಾನಾಗಿ ಕೇಳುತ್ತದಲ್ಲ, ಅದೇ. ಏಳನೆಯದು ಮಾತ್ರ ತುಸು ಪೋಕರಿ. ಕೈಶಿಕಿ ನಿಷಾದಕ್ಕೆ ಹತ್ತಿರ, ಆದರೆ ಅದಕ್ಕಿಂತ ಸ್ವಲ್ಪ ಕೆಳಗೆ. ತಂಬೂರಿಯಲ್ಲಿ ಅದು ಉಳಿದವುಗಳ ನಡುವೆ ಅಡಗಿರುತ್ತದೆ. ಆಂಪ್ಲಿಫೈಯರೊಂದು ಏಳನೆಯದನ್ನೂ ಅದಕ್ಕೂ ಮೇಲಿನ ಬೆಸಸಂಖ್ಯೆಯವನ್ನೂ ಜೋರಾಗಿ ಹುಟ್ಟಿಸಿದರೆ ದನಿ ಕಿವಿಗೆ ಒರಟಾಗಿ ಕೇಳುತ್ತದೆ. ಎರಡನೆಯದು ಹುಟ್ಟಿದರೆ ದನಿ ತುಂಬಿಕೊಂಡಂತೆ, ಯಾರೋ ಮೇಲಿನ ಷಡ್ಜವನ್ನು ಮೆಲ್ಲಗೆ ಸೇರಿಸಿದಂತೆ. ಹೀಗಾಗಿ ವಿಕೃತಿ ಶೇಕಡಾ ಎಷ್ಟು ಎಂಬುದೊಂದರಿಂದಲೇ ದನಿಯ ಗುಣ ತಿಳಿಯುವುದಿಲ್ಲ. ಯಾವ ಹಾರ್ಮೋನಿಕ್ ಎಷ್ಟಿದೆ ಎಂಬುದು ಬೇಕು.

ಈಗ ಮೂರು ಸಾಧನಗಳ ಗೆರೆಗಳನ್ನು ಹೋಲಿಸೋಣ. ಸ್ವಲ್ಪ ಲೆಕ್ಕವಿದೆ, ಪಿಯುಸಿ ಮುಗಿಸಿದವರಿಗೆ ಕಷ್ಟವಲ್ಲ.

ಟ್ರಯೋಡಿನಲ್ಲಿ ಪ್ರವಾಹವು ವೋಲ್ಟೇಜಿನ ಒಂದೂವರೆ ಘಾತಕ್ಕೆ ಅನುಗುಣವಾಗಿ ಬೆಳೆಯುತ್ತದೆ. ಕ್ಯಾಥೋಡಿನ ಸುತ್ತ ಗುಂಪುಗೂಡಿದ ಎಲೆಕ್ಟ್ರಾನುಗಳು ಹಿಂದಿನವನ್ನು ತಾವೇ ತಳ್ಳಿ ತಡೆಯುವುದರಿಂದ ಬರುವ ನಿಯಮ ಇದು. ಚೈಲ್ಡ್ 1911ರಲ್ಲಿ, ಲ್ಯಾಂಗ್‌ಮ್ಯೂರ್ 1913ರಲ್ಲಿ ಕಂಡುಕೊಂಡದ್ದು. ಎರಡನೆಯದು ಫೀಲ್ಡ್ ಎಫೆಕ್ಟ್ ಟ್ರಾನ್ಸಿಸ್ಟರ್, ಚಿಕ್ಕದಾಗಿ ಫೆಟ್. ಇದರಲ್ಲಿ ಪ್ರವಾಹ ವೋಲ್ಟೇಜಿನ ವರ್ಗಕ್ಕೆ ಅನುಗುಣ. ಮೂರನೆಯದು ನಾವು ಬರೀ ಟ್ರಾನ್ಸಿಸ್ಟರ್ ಎಂದು ಕರೆಯುವ ಸಾಮಾನ್ಯ ಬೈಪೋಲಾರ್ ಟ್ರಾನ್ಸಿಸ್ಟರ್. ಇಲ್ಲಿ ಬೇಸಿನ ವೋಲ್ಟೇಜು ಸುಮಾರು 60 ಮಿಲಿವೋಲ್ಟ್ ಏರಿದರೆ ಸಾಕು, ಪ್ರವಾಹ ಹತ್ತು ಪಟ್ಟಾಗುತ್ತದೆ. ಗೆರೆ ಬೆಟ್ಟದಂತೆ ನೆಟ್ಟಗೆ ಏಳುತ್ತದೆ.

ಟ್ರಯೋಡಿನ ನಿಯಂತ್ರಕ ವೋಲ್ಟೇಜನ್ನು ಅದರ ನಿಲುಗಡೆಯ ಬೆಲೆಯ ಸುತ್ತ ಶೇಕಡಾ 20ರಷ್ಟು ಆಚೀಚೆ ಆಡಿಸಿ. ಎರಡನೆಯ ಹಾರ್ಮೋನಿಕ್ ಶೇಕಡಾ 2.5, ಮೂರನೆಯದು ಶೇಕಡಾ 0.04. ಫೆಟ್ಟನ್ನು ಅಷ್ಟೇ ಆಡಿಸಿದರೆ ಎರಡನೆಯದು ಶೇಕಡಾ 5, ಮೂರನೆಯದು ಸೊನ್ನೆ. ವರ್ಗನಿಯಮದಲ್ಲಿ ಮೂರನೆಯದಕ್ಕೆ ಜಾಗವೇ ಇಲ್ಲ. ಬೈಪೋಲಾರ್ ಟ್ರಾನ್ಸಿಸ್ಟರಿಗೆ ಬರೀ 20 ಮಿಲಿವೋಲ್ಟ್ ಕೊಡಿ: ಎರಡನೆಯದು ಹತ್ತಿರ ಹತ್ತಿರ ಶೇಕಡಾ 20, ಮೂರನೆಯದು ಎರಡೂವರೆ, ಬಾಲ ಇನ್ನೂ ಮುಂದೆ ಹೋಗುತ್ತದೆ.

ಇಲ್ಲಿ ನಮ್ಮ ಸಾಮಾನ್ಯ ತಿಳಿವಳಿಕೆ ತಲೆಕೆಳಗಾಗುವುದನ್ನು ಗಮನಿಸಿ. ಟ್ರಾನ್ಸಿಸ್ಟರ್ ನೇರ, ವಾಲ್ವ್ ಸೊಟ್ಟ ಎಂದು ಬಹಳ ಜನ ನಂಬಿದ್ದಾರೆ. ಸಾಧನಗಳನ್ನೇ ಬಿಡಿಯಾಗಿ ನೋಡಿದರೆ ವಾಲ್ವೇ ಹೆಚ್ಚು ನೇರ. ಟ್ರಾನ್ಸಿಸ್ಟರ್ ಆಂಪ್ಲಿಫೈಯರ್ ನೇರವಾದದ್ದು ಇನ್ನೊಂದು ಉಪಾಯದಿಂದ. ಬೆಲ್ ಪ್ರಯೋಗಶಾಲೆಯ ಹೆರಾಲ್ಡ್ ಬ್ಲ್ಯಾಕ್ 1927ರಲ್ಲಿ ಕಂಡುಹಿಡಿದ ನೆಗೆಟಿವ್ ಫೀಡ್‌ಬ್ಯಾಕ್ ಅದು. ಹೊರಬಂದ ಸಂಕೇತದ ಒಂದಂಶವನ್ನು ಹಿಂದಕ್ಕೆ ತಂದು ಒಳಗಿನದರಿಂದ ಕಳೆದರೆ, ಆಂಪ್ಲಿಫೈಯರ್ ತನ್ನ ತಪ್ಪನ್ನು ತಾನೇ ತಿದ್ದಿಕೊಳ್ಳುತ್ತದೆ. ಬ್ಲ್ಯಾಕ್ ಇದನ್ನು ಕಂಡದ್ದು ವಾಲ್ವಿನ ಕಾಲದಲ್ಲೇ. ಆದರೆ ಟ್ರಾನ್ಸಿಸ್ಟರಿನ ವರ್ಧನೆ ಅಗ್ಗ. ಹತ್ತು ಹನ್ನೆರಡನ್ನು ಸಾಲಾಗಿ ಜೋಡಿಸಿ, ಗೆದ್ದ ವರ್ಧನೆಯನ್ನೆಲ್ಲ ಫೀಡ್‌ಬ್ಯಾಕಿಗೆ ಸುರಿಯಬಹುದು. ಬೆಟ್ಟದಂಥ ಗೆರೆ ಅಳತೆಪಟ್ಟಿ ಇಟ್ಟು ಎಳೆದಂತಾಗುತ್ತದೆ.

ಎಲ್ಲಿಯವರೆಗೆ? ಬ್ಯಾಟರಿಯೋ ಪವರ್ ಸಪ್ಲೈಯೋ ಕೊಡುವ ವೋಲ್ಟೇಜು ಮುಗಿಯುವವರೆಗೆ. ಅಲ್ಲಿಗೆ ಬಂದಕೂಡಲೇ ತಿದ್ದಲು ಏನೂ ಉಳಿದಿರುವುದಿಲ್ಲ. ನೇರ ಗೆರೆ ಚಕ್ಕನೆ ಮೂಲೆ ತಿರುಗಿ ಚಪ್ಪಟೆಯಾಗುತ್ತದೆ. ಅಲೆಯ ಶಿಖರ ಕತ್ತಿಯಿಂದ ಕೊಯ್ದಂತೆ ಬೋಳಾಗುತ್ತದೆ, ಆ ಚೂಪು ಮೂಲೆಯಿಂದ ಏಳನೆಯದು, ಒಂಬತ್ತನೆಯದು, ಹನ್ನೊಂದನೆಯದು ಎಲ್ಲವೂ ಸಿಡಿಯುತ್ತವೆ. ಫೀಡ್‌ಬ್ಯಾಕ್ ಕಡಿಮೆ ಇರುವ ವಾಲ್ವಿನ ಗೆರೆ ಮೂಲೆ ತಿರುಗುವುದಿಲ್ಲ. ಬಹಳ ಮುಂಚೆಯೇ ಬಾಗಲು ಶುರುಮಾಡಿ ಮೆಲ್ಲಗೆ ಒರಗುತ್ತದೆ. ಮಿತಿಯೊಳಗೆ ಇರುವ ತನಕ ಎರಡರ ವ್ಯತ್ಯಾಸ ಕಿವಿಗೆ ಸಿಕ್ಕುವುದು ಕಷ್ಟ. ಮಿತಿ ದಾಟಿದಾಗ ಸುಲಭ. 1973ರಲ್ಲಿ ರಸೆಲ್ ಹ್ಯಾಮ್ ಎಂಬ ಎಂಜಿನಿಯರ್ ಅಮೆರಿಕದ ಆಡಿಯೋ ಎಂಜಿನಿಯರಿಂಗ್ ಸೊಸೈಟಿಯ ಪತ್ರಿಕೆಯಲ್ಲಿ ಬರೆದದ್ದೂ ಇದನ್ನೇ. ಅಳತೆಯ ಕೋಣೆಯಲ್ಲಿ ಎಲ್ಲವೂ ಸರಿಯಿದ್ದರೂ, ಹಾಡುವವರು ಗಟ್ಟಿಯಾಗಿ ದನಿ ತೆಗೆದಾಗ ಮೈಕಿನ ಪ್ರಿಆಂಪ್ಲಿಫೈಯರ್ ಮಿತಿ ದಾಟುತ್ತದೆ; ದಾಟಿದಾಗ ಯಾವ ಹಾರ್ಮೋನಿಕ್ಕುಗಳು ಏಳುತ್ತವೆ ಎಂಬುದರಲ್ಲಿ ವಾಲ್ವಿಗೂ ಟ್ರಾನ್ಸಿಸ್ಟರಿಗೂ ಸ್ಪಷ್ಟ ಭೇದವಿದೆ. ಎಲೆಕ್ಟ್ರಿಕ್ ಗಿಟಾರಿನವರಂತೂ ಬೇಕೆಂದೇ ಮಿತಿ ದಾಟಿಸುತ್ತಾರೆ. ಅವರಿಗೆ ಆಂಪ್ಲಿಫೈಯರ್ ವಾದ್ಯದ ಅರ್ಧ ಭಾಗ.

ನಕಲಿನ ಮೊದಲ ಪ್ರಯತ್ನಗಳು ಈ ಒರಗುವ ಗುಣದ ಮೇಲೆ ಕಣ್ಣಿಟ್ಟವು. ಜಪಾನಿನ ಐಬನೀಜ್ ಹೆಸರಿನಲ್ಲಿ 1970ರ ದಶಕದ ಕೊನೆಗೆ ಬಂದ 'ಟ್ಯೂಬ್ ಸ್ಕ್ರೀಮರ್' ಎಂಬ ಹಸಿರು ಬಣ್ಣದ ಕಾಲುಪೆಟ್ಟಿಗೆ ಅದರಲ್ಲಿ ಪ್ರಸಿದ್ಧ. ಒಳಗೆ ಒಂದು ಆಪ್-ಆಂಪ್ ಐಸಿ. ಅದರ ಫೀಡ್‌ಬ್ಯಾಕ್ ದಾರಿಯಲ್ಲಿ ಎರಡು ಸಿಲಿಕಾನ್ ಡಯೋಡುಗಳು, ಒಂದರ ಮುಖ ಅತ್ತ, ಇನ್ನೊಂದರದು ಇತ್ತ. ಸಂಕೇತ ಚಿಕ್ಕದಿದ್ದಾಗ ಡಯೋಡುಗಳು ನಿದ್ದೆಮಾಡುತ್ತವೆ, ವರ್ಧನೆ ನೂರರ ಮೇಲೂ ಹೋಗಬಹುದು. ಸುಮಾರು 0.6 ವೋಲ್ಟಿಗೆ ಅವು ಎಚ್ಚತ್ತು ಪ್ರವಾಹ ಬಿಡತೊಡಗುತ್ತವೆ. ವರ್ಧನೆ ಒಂದಕ್ಕೆ ಕುಸಿಯುತ್ತದೆ. ಒಂದಕ್ಕೆ ಕುಸಿಯುತ್ತದೆ, ಸೊನ್ನೆಗೆ ಅಲ್ಲ. ಇದೇ ಅದರ ಸೊಗಸು. ಶಿಖರ ಪೂರ್ತಿ ಬೋಳಾಗದೆ, ಮೂಲ ಅಲೆಯ ಮೊಟ್ಟು ತಲೆ ಅದರ ಮೇಲೆ ಉಳಿಯುತ್ತದೆ. ಜೊತೆಗೆ ಸುಮಾರು 720 ಹರ್ಟ್ಸಿಗಿಂತ ಕೆಳಗಿನ ಸ್ವರಗಳಿಗೆ ಕಡಿಮೆ ವರ್ಧನೆ ಸಿಗುವಂತೆ ಒಂದು ಕೆಪಾಸಿಟರ್ ಇದೆ. ಮಂದ್ರದ ತಂತಿಗಳು ಕಲಸಿಹೋಗದಿರಲಿ ಎಂದು.

ಆದರೆ ಹೆಸರಿನಲ್ಲಿ ಟ್ಯೂಬ್ ಇದ್ದ ಮಾತ್ರಕ್ಕೆ ಟ್ರಯೋಡ್ ಆಗಲಿಲ್ಲ. ಎರಡು ಡಯೋಡುಗಳೂ ಒಂದೇ ಬಗೆಯವು, ಹಾಗಾಗಿ ಅಲೆಯ ಮೇಲರ್ಧ ಕೆಳಗರ್ಧ ಎರಡೂ ಒಂದೇ ರೀತಿ ಬಾಗುತ್ತವೆ. ಹೀಗೆ ಸಮವಾಗಿ ಬಾಗಿದ ಅಲೆಯಲ್ಲಿ ಮೂರು, ಐದು, ಏಳು ಎಂಬ ಬೆಸಸಂಖ್ಯೆಯ ಹಾರ್ಮೋನಿಕ್ಕುಗಳು ಮಾತ್ರ ಇರಲು ಸಾಧ್ಯ. ಎರಡನೆಯದು, ಅಂದರೆ ಆ ತಾರಷಡ್ಜ, ಹುಟ್ಟುವುದೇ ಇಲ್ಲ. ಅದು ಬೇಕಿದ್ದರೆ ಒಂದು ಕಡೆ ಒಂದು ಡಯೋಡ್, ಇನ್ನೊಂದು ಕಡೆ ಎರಡು ಹಾಕಿ ಅಸಮ ಮಾಡಬೇಕು. 1977ರಲ್ಲಿ ಬಂದ ಬಾಸ್ ಕಂಪೆನಿಯ ಓಡಿ-1 ಪೆಟ್ಟಿಗೆಯಲ್ಲಿ ಹಾಗೆಯೇ ಮಾಡಿದ್ದರು. ಇಲ್ಲಿ ಇನ್ನೊಂದು ವಿಷಯ ಸೇರಿಸಬೇಕು: 'ವಾಲ್ವ್ ಎಂದರೆ ಸಮಸಂಖ್ಯೆಯ ಹಾರ್ಮೋನಿಕ್' ಎಂದು ಜಾಹೀರಾತುಗಳು ಹೇಳುವುದು ಅರ್ಧ ಸತ್ಯ. ದೊಡ್ಡ ವಾಲ್ವ್ ಆಂಪ್ಲಿಫೈಯರುಗಳ ಕೊನೆಯ ಹಂತದಲ್ಲಿ ಎರಡೆರಡು ವಾಲ್ವುಗಳು ಗರಗಸ ಎಳೆಯುವ ಇಬ್ಬರಂತೆ ಎದುರುಬದುರಾಗಿ ಕೆಲಸ ಮಾಡುತ್ತವೆ. ಆ ಜೋಡಣೆಯಲ್ಲಿ ಸಮಸಂಖ್ಯೆಯವು ಒಂದನ್ನೊಂದು ಅಳಿಸಿಕೊಳ್ಳುತ್ತವೆ. ತಾರಷಡ್ಜದ ಸೇರುವಿಕೆ ಹೆಚ್ಚಾಗಿ ಮೊದಲ ಹಂತಗಳಲ್ಲಿನ ಒಂಟಿ ಟ್ರಯೋಡುಗಳದ್ದು.

ಆ ಒಂಟಿ ಟ್ರಯೋಡಿನ ಗೆರೆಯನ್ನೇ ನಕಲು ಮಾಡಲು ಬಂದರೆ? ಇದಕ್ಕೆ ಬಹಳ ಚೊಕ್ಕವಾದ ಒಂದು ಉಪಾಯವಿದೆ. ಡಿಮಿಟ್ರಿ ಡನ್ಯುಕ್ ಎಂಬ ಎಂಜಿನಿಯರ್ 2004ರಲ್ಲಿ ಅದೇ ಆಡಿಯೋ ಎಂಜಿನಿಯರಿಂಗ್ ಸೊಸೈಟಿಯ ಸಮ್ಮೇಳನದಲ್ಲಿ ಇದನ್ನು ಮಂಡಿಸಿದರು. ಫೆಟ್ಟಿನ ಘಾತ 2, ಟ್ರಯೋಡಿನದು 1.5 ಎಂದು ಆಗಲೇ ನೋಡಿದೆವು. ಫೆಟ್ಟಿನ ಸೋರ್ಸ್ ಕಾಲಿಗೆ ಒಂದು ರೋಧಕ ಸೇರಿಸಿ. ಪ್ರವಾಹ ಹೆಚ್ಚಿದಂತೆ ರೋಧಕದ ಮೇಲಿನ ವೋಲ್ಟೇಜು ಹೆಚ್ಚಿ, ಫೆಟ್ಟನ್ನು ಸ್ವಲ್ಪ ಹಿಂದಕ್ಕೆ ಎಳೆಯುತ್ತದೆ. ಇದೂ ಫೀಡ್‌ಬ್ಯಾಕೇ, ಆದರೆ ಪುಟ್ಟದು, ಸ್ಥಳೀಯವಾದದ್ದು. ಪ್ರವಾಹ ತೀರ ಕಡಿಮೆ ಇದ್ದಾಗ ರೋಧಕದ ಪ್ರಭಾವವಿಲ್ಲ. ಘಾತ 2ರಲ್ಲೇ ಇರುತ್ತದೆ. ಪ್ರವಾಹ ಹೆಚ್ಚಾದಂತೆ ರೋಧಕದ ಕೈ ಮೇಲಾಗಿ ಘಾತ 1ರ ಕಡೆಗೆ, ಅಂದರೆ ನೇರ ಗೆರೆಯ ಕಡೆಗೆ, ಜಾರುತ್ತದೆ. ಎರಡರಿಂದ ಒಂದಕ್ಕೆ ಜಾರುವಾಗ ದಾರಿಯಲ್ಲಿ ಒಂದೂವರೆ ಸಿಕ್ಕಲೇಬೇಕಲ್ಲ! ಸಾಧನ ಸುಮ್ಮನೆ ಕುಳಿತಿರುವ ಬಿಂದುವಿನಲ್ಲೇ ಅದು ಸಿಗುವಂತೆ ರೋಧಕವನ್ನು ಆರಿಸಿದರೆ ಮುಗಿಯಿತು.

ಆರಿಸುವ ಸೂತ್ರ ಸರಳ. ಪ್ರತಿ ಫೆಟ್ಟಿಗೂ ಎರಡು ಅಂಕೆಗಳಿವೆ: ಗೇಟನ್ನು ಸೋರ್ಸಿಗೆ ಸೇರಿಸಿದಾಗ ಹರಿಯುವ ಪ್ರವಾಹ, ಮತ್ತು ಪ್ರವಾಹ ಪೂರ್ತಿ ನಿಲ್ಲಿಸಲು ಬೇಕಾದ ವೋಲ್ಟೇಜು. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿ 0.83ರಿಂದ ಗುಣಿಸಿ. ನಮ್ಮ ಕಾಲೇಜು ಪ್ರಯೋಗಶಾಲೆಗಳಲ್ಲಿ ಫೆಟ್ಟಿನ ಗುಣರೇಖೆ ಬರೆಯಲು ಕೊಡುವ ಬಿಎಫ್‌ಡಬ್ಲ್ಯು11 ನಿಮಗೆ ಗೊತ್ತಿರಬಹುದು. ನಿಮ್ಮ ಕೈಗೆ ಬಂದ ತುಣುಕಿನಲ್ಲಿ ಪ್ರವಾಹ 6 ಮಿಲಿಆಂಪಿಯರ್, ವೋಲ್ಟೇಜು 3 ಎಂದು ಬಂದರೆ ರೋಧಕ 415 ಓಮ್. ಅಂಗಡಿಯಲ್ಲಿ 390 ಸಿಗುತ್ತದೆ, ಸಾಕು. ಆಗ ಸುಮಾರು ಎರಡೂವರೆ ಮಿಲಿಆಂಪಿಯರ್ ಹರಿಯುತ್ತದೆ. ಅಲ್ಲಿನ ಘಾತವನ್ನು ನಾನೇ ಲೆಕ್ಕಹಾಕಿ ನೋಡಿದೆ: 415 ಓಮಿಗೆ 1.48. ವಾಲ್ವಿಗೂ ಇದಕ್ಕೂ ಆಕಾರದಲ್ಲಿ ನೆಂಟಸ್ತಿಕೆ ಇದೆ ಎನ್ನಲು ಅಡ್ಡಿಯಿಲ್ಲ. ಪೂರ್ತಿ ಒಂದೇ ಅಲ್ಲ. ಬಿಂದುವಿನಿಂದ ದೂರ ಹೋದಂತೆ ಎರಡೂ ಬೇರೆಯಾಗುತ್ತವೆ.

ಇಲ್ಲಿಗೆ ಕಥೆ ಮುಗಿಯಬೇಕಿತ್ತು. ಆದರೆ ಗೆರೆಯ ಆಕಾರ ಒಂದೇ ಅಲ್ಲ ಎಂಬುದನ್ನು ಕಿವಿಯವರಿಗೂ ಅಂಕೆಯವರಿಗೂ ಏಕಕಾಲಕ್ಕೆ ತೋರಿಸಿಕೊಟ್ಟ ಘಟನೆಯೊಂದು 1985ರಲ್ಲಿ ನಡೆಯಿತು. ಅದನ್ನು ಬಿಡುವಂತಿಲ್ಲ.

ಅಮೆರಿಕದ ಬಾಬ್ ಕಾರ್ವರ್ ಎಂಬ ಆಂಪ್ಲಿಫೈಯರ್ ತಯಾರಕ, ಯಾವುದೇ ಆಂಪ್ಲಿಫೈಯರಿನ ದನಿಯನ್ನು ತನ್ನ ಟ್ರಾನ್ಸಿಸ್ಟರ್ ಆಂಪ್ಲಿಫೈಯರಿನಲ್ಲಿ ತರಬಲ್ಲೆ ಎಂದರು. 'ಸ್ಟೀರಿಯೋಫೈಲ್' ಎಂಬ ಪತ್ರಿಕೆಯವರು ಸವಾಲು ಹಾಕಿದರು. ಆ ಪತ್ರಿಕೆಗೆ ವಾಲ್ವಿನ ಮೇಲೆ ಭಕ್ತಿ. ಅಳತೆಗೆ ಸಿಗದ್ದು ಕಿವಿಗೆ ಸಿಗುತ್ತದೆ ಎಂಬ ನಿಲುವು. ನ್ಯೂ ಮೆಕ್ಸಿಕೋದ ಸಾಂಟಾ ಫೇ ಊರಿಗೆ ಕಾರ್ವರ್ ಬಂದರು. ನಕಲು ಮಾಡಬೇಕಾದ ಬಹು ದುಬಾರಿಯ ವಾಲ್ವ್ ಆಂಪ್ಲಿಫೈಯರನ್ನು ಅವರ ಮುಂದಿಟ್ಟರು. ಅವರದ್ದು ಅದರ ಬೆಲೆಯ ಸಣ್ಣ ಪಾಲಿಗೆ ಸಿಗುವ ಟ್ರಾನ್ಸಿಸ್ಟರ್ ಯಂತ್ರ. ಗೆದ್ದವರು ಯಾರೇ ಆಗಲಿ, ಸೋತವರ ಮಾನ ಹೋಗುವಂಥ ಪಂದ್ಯ. ಕಾರ್ವರ್ ಸೋತರೆ ಅವರ ವ್ಯಾಪಾರ; ಪತ್ರಿಕೆ ಸೋತರೆ ಅದು ವರ್ಷಗಟ್ಟಲೆ ಬರೆದ ವಿಮರ್ಶೆಗಳು.

ಕಾರ್ವರ್ ಹಿಡಿದ ದಾರಿ ಕಳೆಯುವ ಲೆಕ್ಕದ್ದು. ಎರಡೂ ಆಂಪ್ಲಿಫೈಯರುಗಳಿಗೆ ಒಂದೇ ಸಂಗೀತ ಕೊಟ್ಟು, ಒಂದರ ಹೊರಸಂಕೇತದಿಂದ ಇನ್ನೊಂದರದನ್ನು ಕಳೆದು, ಉಳಿದದ್ದನ್ನು ಮಾತ್ರ ಕೇಳುವುದು. ಎರಡೂ ಪೂರ್ತಿ ಒಂದೇ ಆಗಿದ್ದರೆ ಉಳಿಯುವುದು ಮೌನ. ಮೊದಲಿಗೆ ಉಳಿದದ್ದು ಮೌನವಾಗಿರಲಿಲ್ಲ. ಅಲ್ಲೊಂದು ರೋಧಕ, ಇಲ್ಲೊಂದು ಕೆಪಾಸಿಟರ್ ಸೇರಿಸುತ್ತ ತೆಗೆಯುತ್ತ, ಆ ಉಳಿಕೆಯನ್ನು ಅವರು ಸುಮಾರು 70 ಡೆಸಿಬೆಲ್ ಕೆಳಕ್ಕೆ ಇಳಿಸಿದರು. ಮೂಲದ ಮೂರು ಸಾವಿರದಲ್ಲೊಂದು ಪಾಲು! ಕೇಳಲು ಕುಳಿತ ಪತ್ರಿಕೆಯ ಸಂಪಾದಕರು ಯಾವುದು ಯಾವುದೆಂದು ಗುರುತಿಸಲಾರದೆ ಸೋಲೊಪ್ಪಿ, ಒಪ್ಪಿದ್ದನ್ನು ಪತ್ರಿಕೆಯಲ್ಲಿ ಅಚ್ಚು ಹಾಕಿದರು. ಇದು ಅವರ ದೊಡ್ಡತನ. ಮುಂದೆ ಕಾರ್ವರ್ ಇದೇ ಗುಣದ ಯಂತ್ರವನ್ನು ಮಾರಾಟಕ್ಕೆ ತಂದಾಗ, ಕಾರ್ಖಾನೆಯಿಂದ ಬಂದದ್ದರಲ್ಲಿ ಅಷ್ಟು ಆಳದ ಮೌನ ಸಿಗುವುದಿಲ್ಲವೆಂದು 1987ರಲ್ಲಿ ಅದೇ ಪತ್ರಿಕೆ ಬರೆಯಿತು, ಜಗಳ ಮತ್ತೆ ಶುರುವಾಯಿತು. ಒಂದೇ ಯಂತ್ರವನ್ನು ಕೈಯಲ್ಲಿ ತಿದ್ದಿ ಹೊಂದಿಸುವುದು ಬೇರೆ, ಸಾವಿರ ಯಂತ್ರಗಳನ್ನು ಹಾಗೆ ಹೊರತರುವುದು ಬೇರೆ ಎಂಬುದು ಅಲ್ಲಿ ಗೊತ್ತಾದ ವಿಷಯ.

ಕಾರ್ವರ್ ಮಾಡಿದ ಬದಲಾವಣೆಗಳಲ್ಲಿ ಒಂದು ಎಷ್ಟು ಸರಳವೆಂದರೆ ನಗು ಬರುತ್ತದೆ. ವಾಲ್ವ್ ಆಂಪ್ಲಿಫೈಯರಿನ ಹೊರಬಾಗಿಲಿನಲ್ಲಿ ಒಂದಿಷ್ಟು ಒಳರೋಧ ಇರುತ್ತದೆ, ಒಂದೋ ಎರಡೋ ಓಮ್. ಟ್ರಾನ್ಸಿಸ್ಟರಿನದರಲ್ಲಿ ಫೀಡ್‌ಬ್ಯಾಕಿನ ದೆಸೆಯಿಂದ ಅದು ಇಲ್ಲವೆನ್ನುವಷ್ಟು ಕಡಿಮೆ. ಇನ್ನು ಸ್ಪೀಕರ್ ನೋಡಿ. ಬೆನ್ನ ಮೇಲೆ 8 ಓಮ್ ಎಂದು ಬರೆದಿದ್ದರೂ ಅದರ ರೋಧ ಕಂಪನಾಂಕಕ್ಕೆ ತಕ್ಕಂತೆ 6ರಿಂದ 30 ಓಮಿನವರೆಗೆ ಏರಿಳಿಯಬಹುದು. ಒಳರೋಧ 2 ಓಮ್ ಇದ್ದರೆ, ಸ್ಪೀಕರ್ 6 ಓಮ್ ಇರುವ ಸ್ವರಕ್ಕೆ ಮುಕ್ಕಾಲು ಪಾಲು ವೋಲ್ಟೇಜು ಸಿಗುತ್ತದೆ. 30 ಓಮ್ ಇರುವ ಸ್ವರಕ್ಕೆ ನೂರಕ್ಕೆ 94. ಎರಡರ ಅಂತರ ಸುಮಾರು 2 ಡೆಸಿಬೆಲ್. ಕಿವಿಗೆ ಸುಲಭವಾಗಿ ಕೇಳುವಂಥದು. ಸ್ಪೀಕರಿನ ಸ್ವಭಾವಕ್ಕೆ ತಕ್ಕಂತೆ ಮಂದ್ರ ಕೊಂಚ ಉಬ್ಬುತ್ತದೆ, ಮೇಲಿನ ಸ್ವರಗಳು ಬೇರೆ ಬಣ್ಣ ತಾಳುತ್ತವೆ. ಬೆಚ್ಚಗಿನ ದನಿ, ತುಂಬಿದ ದನಿ ಎಂದೆಲ್ಲ ಹೊಗಳಿಸಿಕೊಂಡದ್ದರಲ್ಲಿ ಒಂದು ಪಾಲು ಇದು. ಇದಕ್ಕೂ ಹಾರ್ಮೋನಿಕ್ಕಿಗೂ ಸಂಬಂಧವಿಲ್ಲ. ಟ್ರಾನ್ಸಿಸ್ಟರ್ ಆಂಪ್ಲಿಫೈಯರಿಗೂ ಸ್ಪೀಕರಿಗೂ ನಡುವೆ, ಕಾವು ತಡೆಯುವಂಥ ಒಂದು ಓಮಿನ ದಪ್ಪ ರೋಧಕ ಸೇರಿಸಿದರೆ ಆ ಪಾಲು ಸಿಕ್ಕಿಬಿಡುತ್ತದೆ.

ಉಳಿದದ್ದು ಇದಕ್ಕಿಂತ ಹಟಮಾರಿ. ವಾಲ್ವ್ ಗಿಟಾರ್ ಆಂಪ್ಲಿಫೈಯರಿಗೆ ಒಂದು ಬಗೆಯ ನೆನಪಿದೆ. ಹಳೆಯ ಮಾದರಿಗಳಲ್ಲಿ ಏಸಿ ವಿದ್ಯುತ್ತನ್ನು ಡಿಸಿ ಮಾಡುವ ಕೆಲಸವೂ ವಾಲ್ವಿನದೇ, ಅದಕ್ಕೆ ಒಳರೋಧ ಹೆಚ್ಚು. ತಂತಿಯನ್ನು ಬಲವಾಗಿ ಮೀಟಿದಾಗ ಪ್ಲೇಟಿನ ವೋಲ್ಟೇಜು ಒಂದಿಷ್ಟು ಕುಗ್ಗಿ, ಸ್ವರ ಇಳಿದಂತೆ ಮತ್ತೆ ಮೇಲೇಳುತ್ತದೆ. ಕೇಳುವವರಿಗೆ ಸ್ವರ ಒಮ್ಮೆ ಒತ್ತಿ ಮತ್ತೆ ಅರಳಿದಂತೆ. ಸಂಕೇತ ತೀರ ದೊಡ್ಡದಾದರೆ ಗ್ರಿಡ್ಡಿನಲ್ಲೂ ಪ್ರವಾಹ ಹರಿದು ಹಿಂದಿನ ಕೆಪಾಸಿಟರಿನಲ್ಲಿ ಆವೇಶ ತುಂಬುತ್ತದೆ. ವಾಲ್ವಿನ ನಿಲುಗಡೆಯ ಬಿಂದುವೇ ಕೆಲ ಕಾಲ ಸರಿದುಹೋಗುತ್ತದೆ. ಹೀಗಾಗಿ ಇದೇ ಸ್ವರ ಈಗ ಹೇಗೆ ಕೇಳುತ್ತದೆ ಎಂಬುದು ಅರೆಕ್ಷಣದ ಹಿಂದೆ ಏನು ನುಡಿಸಿದಿರಿ ಎಂಬುದರ ಮೇಲೂ ನಿಂತಿದೆ. ಡಯೋಡ್ ಜೋಡಿಯ ಪೆಟ್ಟಿಗೆಗೆ ಈ ನೆನಪಿಲ್ಲ. ಟ್ರಾನ್ಸಿಸ್ಟರಿನಲ್ಲಿ ಇದನ್ನು ತರಬೇಕಿದ್ದರೆ ಪವರ್ ಸಪ್ಲೈಗೇ ರೋಧಕ ಸೇರಿಸಿ ಬೇಕೆಂದೇ ದುರ್ಬಲಗೊಳಿಸಬೇಕು, ಪ್ರತಿ ಹಂತಕ್ಕೂ ಡಯೋಡ್ ಹಾಕಿ ಗ್ರಿಡ್ಡಿನ ಚಾಳಿ ಕಲಿಸಬೇಕು. ಒಳ್ಳೆಯ ಎಂಜಿನಿಯರ್ ಕಷ್ಟಪಟ್ಟು ತೆಗೆದುಹಾಕಿದ ದೋಷಗಳನ್ನು ಒಂದೊಂದಾಗಿ ಹುಡುಕಿ ವಾಪಸು ತರುವ ಕೆಲಸ! 1990ರ ದಶಕದ ಕೊನೆಯಿಂದ ಇದನ್ನು ಅಂಕೀಯ ಗಣಕಗಳಿಗೆ ವಹಿಸುವುದೂ ನಡೆದಿದೆ. ವಾಲ್ವಿನ ವರ್ತನೆಯನ್ನು ಅವು ಸೆಕೆಂಡಿಗೆ ಹತ್ತಾರು ಸಾವಿರ ಸಲ ಲೆಕ್ಕಹಾಕುತ್ತವೆ. ಅದು ಇನ್ನೊಂದು ಕಂತಿಗಾಗುವಷ್ಟು ವಿಷಯ.

ವಾಲ್ವನ್ನೇ ಬಳಸಿದರೆ ಇಷ್ಟೆಲ್ಲ ಯಾಕೆ ಎಂದು ನೀವು ಕೇಳಬಹುದು. ವಾಲ್ವ್ ತಯಾರಿಸುವ ದೊಡ್ಡ ಕಾರ್ಖಾನೆಗಳು ಈಗ ಮುಖ್ಯವಾಗಿ ರಷ್ಯಾ, ಸ್ಲೊವಾಕಿಯಾ, ಚೀನಾಗಳಲ್ಲಿ ಬೆರಳೆಣಿಕೆಯಷ್ಟಿವೆ. 2022ರಲ್ಲಿ ಯುಕ್ರೇನಿನ ಯುದ್ಧದಿಂದ ರಷ್ಯಾದ ಪೂರೈಕೆಗೆ ಅಡ್ಡಿಯಾದಾಗ ಬೆಲೆ ಏರಿ ಗಿಟಾರಿನವರು ಗಾಬರಿಬಿದ್ದರು. ಅದಕ್ಕಿಂತ ದೊಡ್ಡ ಕಾರಣ ನನ್ನ ಬಲಗೈಗೆ ಗೊತ್ತು. ಬಿ.ಎಸ್‌ಸಿ. ಓದುತ್ತಿದ್ದಾಗ ಅಜ್ಜನ ವಾಲ್ವ್ ರೇಡಿಯೋ ರಿಪೇರಿ ಮಾಡುತ್ತೇನೆಂದು ಪ್ಲಗ್ ಕಿತ್ತು, ಹಿಂಬದಿಯ ರಟ್ಟು ತೆಗೆದು ಕೈಹಾಕಿದ್ದೆ. ಪ್ಲಗ್ ಕಿತ್ತ ಮೇಲೂ ದೊಡ್ಡ ಕೆಪಾಸಿಟರ್ ತನ್ನ ಆವೇಶವನ್ನು ಬಿಟ್ಟಿರಲಿಲ್ಲ. ನೆಲಕ್ಕೆ ಬಿದ್ದವನು ಎದ್ದು ಕೂರಲು ಸ್ವಲ್ಪ ಹೊತ್ತು ಬೇಕಾಯಿತು. ಗಿಟಾರ್ ಆಂಪ್ಲಿಫೈಯರುಗಳ ಪ್ಲೇಟಿನಲ್ಲಿ 300ರಿಂದ 450 ವೋಲ್ಟ್ ಇರುವುದು ಮಾಮೂಲು. ಅದು ಪ್ರಾಣ ತೆಗೆಯಬಲ್ಲದು. ಬಲ್ಲವರು ಪಕ್ಕದಲ್ಲಿಲ್ಲದೆ ಯಾವ ವಾಲ್ವ್ ಉಪಕರಣವನ್ನೂ, ಆರಿಸಿದ್ದರೂ ಸರಿ, ಬಿಚ್ಚಬೇಡಿ.

ಫೆಟ್ಟಿನ ಪ್ರಯೋಗಕ್ಕೆ ಆ ಭಯವಿಲ್ಲ. 9 ವೋಲ್ಟಿನ ಎರಡು ಬ್ಯಾಟರಿಗಳನ್ನು ಸಾಲಾಗಿ ಜೋಡಿಸಿ 18 ವೋಲ್ಟ್ ಮಾಡಿಕೊಳ್ಳಿ. ಮೊದಲು ಫೆಟ್ಟಿನ ಎರಡು ಅಂಕೆಗಳನ್ನು ಒಂದೇ ಬ್ಯಾಟರಿಯಿಂದ ಅಳೆಯಿರಿ. ಗೇಟು, ಸೋರ್ಸು ಎರಡನ್ನೂ ಮೈನಸಿಗೆ ಸೇರಿಸಿ, ಡ್ರೇನಿಗೆ ಮಲ್ಟಿಮೀಟರಿನ ಮೂಲಕ ಪ್ಲಸ್ ಕೊಟ್ಟರೆ ಪ್ರವಾಹ ತಿಳಿಯುತ್ತದೆ. ಆಮೇಲೆ ಡ್ರೇನಿಗೆ ನೇರ ಪ್ಲಸ್ ಕೊಟ್ಟು, ಗೇಟನ್ನು ಮೈನಸಿನಲ್ಲೇ ಬಿಟ್ಟು, ಸೋರ್ಸಿಗೂ ಮೈನಸಿಗೂ ನಡುವೆ ಮೀಟರನ್ನು ವೋಲ್ಟೇಜಿನಲ್ಲಿಟ್ಟರೆ ಕಾಣುವುದೇ ಎರಡನೆಯ ಅಂಕೆ. ಒಂದೇ ಡಬ್ಬಿಯ ಹತ್ತು ಫೆಟ್ಟುಗಳು ಹತ್ತು ಬಗೆಯ ಅಂಕೆ ತೋರಿಸುವುದುಂಟು, ಅಳೆಯದೆ ಕಟ್ಟಬೇಡಿ. ಲೆಕ್ಕದಿಂದ ಬಂದ ರೋಧಕ ಸೋರ್ಸಿಗೆ, 3.3 ಕಿಲೋಓಮ್ ಡ್ರೇನಿಗೆ, ಒಂದು ಮೆಗಾಓಮ್ ಗೇಟಿನಿಂದ ಮೈನಸಿಗೆ. ಒಳಗೂ ಹೊರಗೂ ಒಂದೊಂದು ಕೆಪಾಸಿಟರ್. ವರ್ಧನೆ ನಾಲ್ಕರ ಹತ್ತಿರ ಬರುತ್ತದೆ. ಗಿಟಾರಿನ ಪಿಕಪ್ ಕೊಡುವ ನೂರಿನ್ನೂರು ಮಿಲಿವೋಲ್ಟಿಗೆ ಒಂದೇ ಹಂತ ಬಾಗುವುದಿಲ್ಲ, ಎರಡು ಮೂರು ಹಂತ ಸಾಲಾಗಿ ಬೇಕು. ಪ್ರತಿ ಹಂತವೂ ಅಲೆಯನ್ನು ತಲೆಕೆಳಗು ಮಾಡುವುದರಿಂದ ಎರಡನೆಯ ಹಾರ್ಮೋನಿಕ್ ಹಂತದಿಂದ ಹಂತಕ್ಕೆ ಸ್ವಲ್ಪ ಅಳಿಸಿಹೋಗುವುದನ್ನೂ ನೀವು ಕಾಣುವಿರಿ.

ಕಾರ್ವರ್ ಮಾಡಿದ ಕಳೆಯುವ ಲೆಕ್ಕವನ್ನು ನೀವೂ ಮಾಡಬಹುದು. ಒಂದೇ ಧ್ವನಿಮುದ್ರಿಕೆಯನ್ನು ನಿಮ್ಮ ಹಂತದ ಮೂಲಕ ಒಮ್ಮೆ, ಬರೀ ತಂತಿಯ ಮೂಲಕ ಒಮ್ಮೆ ಕಂಪ್ಯೂಟರಿಗೆ ತುಂಬಿಸಿ. ಆಡಾಸಿಟಿಯಂಥ ಉಚಿತ ತಂತ್ರಾಂಶದಲ್ಲಿ ಎರಡನ್ನೂ ಒಂದೇ ಮಟ್ಟಕ್ಕೆ ತಂದು, ಆರಂಭಗಳನ್ನು ಕೂಡಿಸಿ. ಬೆಸ ಸಂಖ್ಯೆಯ ಹಂತಗಳಿದ್ದರೆ ಅಲೆ ಆಗಲೇ ತಲೆಕೆಳಗಾಗಿರುತ್ತದೆ, ಸುಮ್ಮನೆ ಕೂಡಿದರೆ ಸಾಕು. ಸಮಸಂಖ್ಯೆಯವಿದ್ದರೆ ಒಂದನ್ನು ಮಗುಚಿ ಕೂಡಿ. ಸ್ಪೀಕರಿನಲ್ಲಿ ಉಳಿಯುವ ಆ ಸಣ್ಣ ದನಿ ಫೆಟ್ಟು ತಾನಾಗಿ ಸೇರಿಸಿದ್ದು. ಅದರಲ್ಲಿ ಮೇಲಿನ ಷಡ್ಜ ಕೇಳುತ್ತದೆಯೇ ನೋಡಿ. ಕೇಳಿಸಿದರೆ ನಮಗೊಂದು ಕಾಗದ ಬರೆಯಿರಿ, ನಿಮ್ಮ ಫೆಟ್ಟಿನ ಎರಡು ಅಂಕೆಗಳ ಸಮೇತ.